ಲ್ಯಾಟಿನ್ನಿನ ತತ್ಸಮ–ತದ್ಭವಗಳು



ಕ್ರಿ. ಪೂ. 218ರಲ್ಲಿ, ಕಾರ್ಥೇಜಿನ ಹ್ಯಾನಿಬಲನೊಡನೆ ಹೂಡಿದ ಯುದ್ಧದ ನಿಮಿತ್ತವಾಗಿ, ರೋಮನ್ ಸೈನ್ಯವು ಸ್ಪೇನಿನ ಪೂರ್ವತೀರದ ಎಂಪೋರಿಯೊನ್ ಎಂಬ ರೇವುಪಟ್ಟಣದಲ್ಲಿ ಬಂದಿಳಿದಾಗ, ಆ ನೆಲದಲ್ಲಿ ಬೇರೂರಲಾರಂಭಿಸಿದುದು ಪಂಡಿತರ ಪರಿಷ್ಕೃತ ಲ್ಯಾಟಿನ್ನಲ್ಲ. ಸಿಪಾಯಿಗಳ, ವರ್ತಕರ, ಒಕ್ಕಲುಮಕ್ಕಳ ಆಡುನುಡಿ. ಇಂದಿನ ಸ್ಪ್ಯಾನಿಷ್ ಆ ಆಡುನುಡಿಯ ಸಂತಾನವೆಂಬುದಕ್ಕೆ ಅದರ ದಿನಬಳಕೆಯ ಮಾತುಗಳೇ ಸಾಕ್ಷಿ. ಕುದುರೆಗೆ ಕವಿಗಳು ಬಳಸುತ್ತಿದ್ದ ‘ಎಕ್ವುಸ್’ ಎಂಬ ಪದವು ಅಳಿದು, ಹೇರು ಹೊರುವ ಸಾಧಾರಣ ಕುದುರೆಯ ಹೆಸರಾದ ‘ಕಬಾಲ್ಲುಸ್’ ಅಲ್ಲಿ ‘ಕಬಾಯೊ’ ಆಗಿ ನಿಂತಿತು. ನಮ್ಮ ‘ಅಗ್ನಿ’ಯ ಒಡಹುಟ್ಟಾದ ‘ಇಗ್ನಿಸ್’ ಮರೆಯಾಗಿ, ಒಲೆ ಎಂಬರ್ಥದ ‘ಫೋಕುಸ್’ ಬೆಂಕಿಗೇ ಹೆಸರಾಗಿ, ‘ಫ್ಯುಯೆಗೊ’ ಎಂಬ ರೂಪವನ್ನು ತಾಳಿತು. ಅದೇ ‘ಫೋಕುಸ್’ ಪದವನ್ನು 1604ರಲ್ಲಿ ಖಗೋಳವಿಜ್ಞಾನಿ ಕೆಪ್ಲರನು ಶಂಕುಚ್ಛೇದಗಳ ನಾಭಿಬಿಂದುವಿಗೆ ಇಟ್ಟುದರಿಂದ, ಇಂಗ್ಲಿಷಿನವರಿಗೆ ‘ಫೋಕಸ್’ ದೊರೆಯಿತು.

ನಾಲಗೆಯ ಮೇಲೆ ಶತಮಾನಗಳ ಕಾಲ ಹೊರಳಿದ ಮಾತು ಸವೆಯುವುದು ಸಹಜವಾದರೂ, ಆ ಸವೆತಕ್ಕೊಂದು ನಿಯಮವಿದೆ. ಲ್ಯಾಟಿನ್ನಿನ ‘ಕ್ತ’ ಕಾರವು ಸ್ಪ್ಯಾನಿಷಿನಲ್ಲಿ ‘ಚ’ ಕಾರವಾಗುವುದರಿಂದ, ಹಾಲೆಂಬ ‘ಲಾಕ್ತೆ’ ‘ಲೇಚೆ’ಯಾಯಿತು, ಇರುಳೆಂಬ ‘ನೋಕ್ತೆ’ ‘ನೋಚೆ’ಯಾಯಿತು, ಎಂಟೆಂಬ ‘ಒಕ್ತೊ’ ‘ಓಚೊ’ ಆಯಿತು. ಪದಾದಿಯ ‘ಫ’ ಕಾರವು, ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆದಂತೆ, ಅನೇಕ ಪದಗಳಲ್ಲಿ ‘ಹ’ ಕಾರವಾಗಿ, ಕಡೆಗೆ ಉಚ್ಚಾರದಿಂದಲೇ ಲೋಪವಾಗಿ, ಬರಹದಲ್ಲಿ ಮಾತ್ರ ಉಳಿಯಿತು. ಹಿಟ್ಟೆಂಬ ‘ಫರೀನಾ’ ಇಂದು ‘ಅರೀನಾ’. ನಡೆದ ಸಂಗತಿಯೆಂಬ ‘ಫಾಕ್ತುಮ್’, ಈ ಎರಡು ನಿಯಮಗಳಿಗೂ ಒಳಗಾಗಿ, ‘ಏಚೊ’.

ಇಂಗ್ಲಿಷಿನ ಕಥೆ ಬೇರೆ. ಜರ್ಮಾನಿಕ್ ಕುಲದ ಆ ಭಾಷೆಗೆ ಲ್ಯಾಟಿನ್ ಪದಗಳು 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನ ಮುಖಾಂತರವೂ, ಆಮೇಲೆ ಪುನರುಜ್ಜೀವನ ಕಾಲದ ವಿದ್ವಾಂಸರ ಗ್ರಂಥಗಳಿಂದ ನೇರವಾಗಿಯೂ ಬಂದುವು. ಆದಕಾರಣ, ಹಾಲಿಗೆ ‘ಮಿಲ್ಕ್’ ಎನ್ನುವ ಇಂಗ್ಲಿಷರು ಹಾಲಿನ ಆಮ್ಲಕ್ಕೆ ‘ಲ್ಯಾಕ್ಟಿಕ್’ ಎನ್ನುತ್ತಾರೆ. ‘ಏಚೊ’ದ ಮೂಲರೂಪವು ಅವರ ‘ಫ್ಯಾಕ್ಟ್’ನಲ್ಲಿ ಹೆಚ್ಚುಕಡಿಮೆ ಹಾಗೆಯೇ ಇದೆ. ನಮ್ಮ ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ, ‘ಲೇಚೆ’ ತದ್ಭವ, ‘ಲ್ಯಾಕ್ಟಿಕ್’ ತತ್ಸಮ.

ತದ್ಭವವನ್ನು ಕೆಟ್ಟ ರೂಪವೆಂದು ಹೀನಾಯವಾಗಿ ಕಾಣುವುದು ಸಲ್ಲದು. ಲ್ಯಾಟಿನ್ನಿನಲ್ಲಿ ಪಾರಂಗತನಾದ ಆಂತೋನಿಯೊ ದೆ ನೆಬ್ರಿಹಾ ಎಂಬ ವಿದ್ವಾಂಸನೇ 1492ರಲ್ಲಿ ಸ್ಪ್ಯಾನಿಷ್ ಎಂಬ ಈ ಜನಭಾಷೆಗೆ ವ್ಯಾಕರಣವನ್ನು ರಚಿಸಿ, ಇಸಬೆಲಾ ರಾಣಿಗೆ ಅರ್ಪಿಸಿದನು. ಗ್ರಂಥಸ್ಥವಾದ ಪದವನ್ನು ಬೇಕಾದಾಗ ಎರವಲು ತರಬಹುದು. ತಾಯಿಯಿಂದ ಮಗುವಿಗೆ ಎಡೆಬಿಡದೆ ದಾಟಿಬಂದ ಪದವನ್ನಾದರೋ, ಆಡುವ ಜನರು ಕೈಬಿಟ್ಟರೆ, ಯಾವ ಪಂಡಿತನೂ ಮರಳಿ ತರಲಾರನು.