ಹೆತ್ತವಳನ್ನು ಕನ್ನಡದಲ್ಲಿ ಏನೆಂದು ಕರೆಯೋಣ



ಕಥೋಲಿಕರೂ ಪ್ರೊಟೆಸ್ಟಂಟರೂ ಕೂಡಿದ ಈ ಸಮ್ಮೇಳನವನ್ನು ಬಾತಿಯಲ್ಲಿ ಇಟ್ಟುಕೊಂಡವರಿಗೆ ಮೊದಲ ವಂದನೆ. ದಾವಣಗೆರೆಯಲ್ಲಿ ಸೇರಿದ್ದರೆ ಒಬ್ಬರ ಅಂಗಳ, ಹರಿಹರದಲ್ಲಿ ಸೇರಿದ್ದರೆ ಇನ್ನೊಬ್ಬರ ಅಂಗಳ ಎಂಬ ಮಾತು ಬರುತ್ತಿತ್ತು. ಇಲ್ಲಿ ಗುಡ್ಡ ಇದೆ, ಕೆರೆ ಇದೆ, ಎರಡೂ ಊರಿನ ಬಸ್ಸು ನಿಲ್ಲುತ್ತದೆ. ನಾನು ಹೊಸದಾಗಿ ಮದುವೆಯಾಗಿ ತವರಿಗೂ ಗಂಡನ ಮನೆಗೂ ಓಡಾಡುತ್ತಿದ್ದಾಗ ಬಾತಿ ಗುಡ್ಡ ಕಂಡರೆ ಅರ್ಧ ದಾರಿ ಮುಗಿಯಿತು ಎಂದುಕೊಳ್ಳುತ್ತಿದ್ದೆ. ನನ್ನ ತವರು ದಾವಣಗೆರೆಯ ಪ್ರೊಟೆಸ್ಟಂಟ್ ಮನೆ. ಸೇರಿದ್ದು ಹರಿಹರದ ಕಥೋಲಿಕ ಮನೆ. ನಾನು ದೇವಶಾಸ್ತ್ರ ಓದಿದವಳಲ್ಲ, ಕನ್ನಡ ಪಾಠ ಹೇಳಿದವಳು. ಆದ್ದರಿಂದ ಮರಿಯಮ್ಮನವರ ಬಗ್ಗೆ ನಮ್ಮ ಎರಡು ಸಭೆಗಳ ನಡುವೆ ಇರುವ ಜಗಳವನ್ನು ಕನ್ನಡದ ಬಾಗಿಲಿನಿಂದಲೇ ಹೊಕ್ಕು ನೋಡುತ್ತೇನೆ.

ತವರಿನಲ್ಲಿ ಸಂಡೇಸ್ಕೂಲಿನ ಹುಡುಗಿಯಾಗಿ ನಾನು ಕಲಿತದ್ದು 'ಮರಿಯಳು'. ಮರಿಯಳು ಬಂದಳು, ಮರಿಯಳು ಅಂದಳು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದ ಕಾಲದಿಂದ ನಮ್ಮ ಕಡೆಯ ಬೈಬಲ್ ಕನ್ನಡ ಹೀಗೇ ಬೆಳೆದುಬಂದಿದೆ. ಮದುವೆಯಾದ ಮೊದಲ ವಾರ ಅಡುಗೆಮನೆಯಲ್ಲಿ ಏನೋ ಮಾತಿಗೆ 'ಮರಿಯಳು' ಎಂದೆ. ನಮ್ಮ ಅತ್ತೆ ಒಲೆಯ ಮುಂದಿನಿಂದ ತಿರುಗಿ, "ಅವಳು ಇವಳು ಅನಬ್ಯಾಡವ್ವ, ಅಮ್ಮನೋರು ಅನ್ನು" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ನೋವಿನಿಂದ ಹೇಳಿದರು. ಅಂದೇ ನನಗೆ ತಿಳಿಯಿತು, ಎಷ್ಟೋ ಶತಮಾನಗಳ ವಾದ ಕನ್ನಡದಲ್ಲಿ ಒಂದು ಪ್ರತ್ಯಯದೊಳಗೆ ಕುಳಿತಿದೆ ಎಂದು. 'ಅಳು' ಎಂದರೆ ಅವರಿಗೆ ಅವಮಾನ. 'ಅಮ್ಮನವರು' ಎಂದರೆ ನನ್ನ ತಂದೆಗೆ ಊರದೇವತೆ ದುಗ್ಗಮ್ಮನ ಜಾತ್ರೆ ನೆನಪಾಗುತ್ತಿತ್ತು.

ಇಬ್ಬರದೂ ತಪ್ಪಲ್ಲ. 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿತ್ ಗುರು ಲಿಯೋನಾರ್ಡೊ ಚಿನ್ನಮಿ ಮತ್ತು ಅವರ ನಂತರದವರು ಈ ನೆಲದ ಭಕ್ತಿಯ ಮಾತನ್ನು ಎತ್ತಿಕೊಂಡರು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದು ಬಂದ ಪ್ರೊಟೆಸ್ಟಂಟ್ ಮಿಷನರಿಗಳು ಆ ಮಾತಿಗೆ ಹೆದರಿ ಬೇರೆ ಮಾತು ಕಟ್ಟಿಕೊಂಡರು. ಎರಡು ಕನ್ನಡಗಳು ಒಂದನ್ನೊಂದು ಕೇಳಿಸಿಕೊಳ್ಳದೆ ಬೆಳೆದವು. 'ಪೂಜೆ ಮುಗೀತಾ?' ಎಂದು ಹರಿಹರದಲ್ಲಿ ಕೇಳಿದರೆ ಬಲಿಪೂಜೆ ಮುಗಿಯಿತೇ ಎಂದರ್ಥ. ಅದೇ ಮಾತು ನನ್ನ ತವರಿನಲ್ಲಿ ಆಡಿದ್ದರೆ ಅಜ್ಜಿ ಬೆಚ್ಚಿಬೀಳುತ್ತಿದ್ದಳು. ನಮ್ಮಲ್ಲಿ ಆರಾಧನೆ ಎಂದರೆ ಭಾನುವಾರದ ಕೂಟ. ಅವರಲ್ಲಿ ಪರಮಪ್ರಸಾದದ ಮುಂದೆ ಮೊಣಕಾಲೂರಿ ಕೂರುವುದು.

ಕಥೋಲಿಕ ದೇವಶಾಸ್ತ್ರ ದೇವರಿಗೆ ಸಲ್ಲುವ ಆರಾಧನೆಯೇ ಬೇರೆ, ಸಂತರಿಗೆ ಸಲ್ಲುವ ಗೌರವವೇ ಬೇರೆ ಎಂದು ಗೆರೆ ಎಳೆದಿದೆ. ಮೊದಲನೆಯದು ಲಾಟ್ರಿಯಾ, ಎರಡನೆಯದು ಡೂಲಿಯಾ. ಮರಿಯಮ್ಮನವರಿಗೆ ಸಲ್ಲುವುದು ಹೈಪರ್‌ಡೂಲಿಯಾ, ಅಂದರೆ ಗೌರವದಲ್ಲಿ ಎಲ್ಲಕ್ಕಿಂತ ಹೆಚ್ಚಿನದು, ಆದರೂ ಗೌರವವೇ. ಪುಸ್ತಕದಲ್ಲಿ ಈ ಗೆರೆ ಸ್ಪಷ್ಟವಾಗಿದೆ. ಆದರೆ ಕನ್ನಡದ 'ಪೂಜೆ' ಈ ಮೂರನ್ನೂ ಒಂದೇ ತಟ್ಟೆಗೆ ಬಡಿಸಿಬಿಡುತ್ತದೆ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬದಲ್ಲಿ ಮೇಣದ ಬತ್ತಿ ಹಿಡಿದು ನಿಂತ ತಾಯಿಯೊಬ್ಬಳನ್ನು ಏನು ಮಾಡುತ್ತಿದ್ದೀಯಮ್ಮ ಎಂದು ಕೇಳಿದರೆ ಆಕೆ 'ಅಮ್ಮನಿಗೆ ಪೂಜೆ' ಎಂದೇ ಅಂದಾಳು. ಆಕೆಯ ಬಳಿ ಬೇರೆ ಪದ ಇಲ್ಲ. 2019ರಲ್ಲಿ ಬಸಿಲಿಕಾ ಎಂಬ ಗೌರವ ಪಡೆದ ಆ ದೇವಾಲಯಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಅವರೆಲ್ಲರ ಬಾಯಲ್ಲಿ ಆ ಒಂದೇ ಪದ ಇದೆ. ಪ್ರೊಟೆಸ್ಟಂಟರು ಆ ಪದ ಕೇಳಿ ತೀರ್ಪು ಕೊಟ್ಟುಬಿಡುತ್ತಾರೆ. ಕಥೋಲಿಕರು ತೀರ್ಪು ಕೇಳಿ ನೊಂದುಕೊಳ್ಳುತ್ತಾರೆಯೇ ಹೊರತು ಆ ತಾಯಿಗೆ ಬೇರೊಂದು ಪದ ಕಲಿಸಲು ಹೋಗುವುದಿಲ್ಲ.

'ದೇವಮಾತೆ' ಎಂಬ ಬಿರುದನ್ನೇ ನೋಡಿ. ಕ್ರಿ.ಶ. 431ರಲ್ಲಿ ಎಫೆಸ ಪಟ್ಟಣದಲ್ಲಿ ಕೂಡಿದ ಮಹಾಸಭೆ ಒಪ್ಪಿದ ಗ್ರೀಕ್ ಪದ 'ಥಿಯೊಟೋಕೋಸ್'. ಆ ಸಭೆಯ ಮುಂದಿದ್ದ ಪ್ರಶ್ನೆ ಮಗನ ಬಗ್ಗೆ. ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಾಧ್ಯಕ್ಷ ನೆಸ್ಟೋರಿಯಸ್, ಕ್ರಿಸ್ತನನ್ನು ಹೆತ್ತವಳು ಎನ್ನೋಣ, ದೇವರನ್ನು ಹೆತ್ತವಳು ಎನ್ನುವುದು ಬೇಡ ಎಂದ. ಹಾಗೆಂದರೆ ತೊಟ್ಟಿಲಲ್ಲಿರುವ ಕೂಸು ಒಬ್ಬ, ಅದರೊಳಗಿನ ದೇವರು ಇನ್ನೊಬ್ಬ ಎಂದು ಒಡೆದಂತಾಗುತ್ತದೆ ಎಂದು ಅಲೆಕ್ಸಾಂಡ್ರಿಯದ ಸಿರಿಲ್ ಹಟ ಹಿಡಿದ. ಆಕೆ ಹೆತ್ತದ್ದು ಒಬ್ಬನನ್ನೇ, ಆ ಒಬ್ಬನು ದೇವರೇ ಎಂಬುದನ್ನು ಕಾಪಾಡಲು ಹುಟ್ಟಿದ ಪದ ಇದು. ಮಾರ್ಟಿನ್ ಲೂಥರ್ ಕೂಡ ಇದನ್ನು ಬಿಟ್ಟುಕೊಡಲಿಲ್ಲ. 1521ರಲ್ಲಿ ವಾರ್ಟ್‌ಬರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡಿದ್ದಾಗ ಅವನು ಮುಗಿಸಿದ ಬರಹಗಳಲ್ಲಿ ಒಂದು ಮರಿಯಳ ಸ್ತುತಿಗೀತೆಯ ವ್ಯಾಖ್ಯಾನ. ದೇವರ ತಾಯಿ ಎಂಬ ಒಂದು ಮಾತಿನಲ್ಲಿ ಆಕೆಯ ಗೌರವವೆಲ್ಲ ಅಡಗಿದೆ ಎಂದು ಅಲ್ಲಿ ಬರೆದಿದ್ದಾನೆ. ಆಕೆಯನ್ನು ವಿಗ್ರಹ ಮಾಡಿಕೊಳ್ಳಬೇಡಿ ಎಂದೂ ಅಲ್ಲೇ ಬರೆದಿದ್ದಾನೆ. ಇನ್ನೊಬ್ಬ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಆ ಬಿರುದನ್ನು ಬಳಸಲು ಹಿಂಜರಿದ. ಜನ ಅಪಾರ್ಥ ಮಾಡಿಕೊಂಡಾರು ಎಂಬುದು ಅವನ ಅಳುಕು.

ಈಗ ವ್ಯಾಕರಣಕ್ಕೆ ಬರೋಣ. ದೇವರ ಮಾತೆ ದೇವಮಾತೆ. ಬಿಡಿಸಿದರೆ ತತ್ಪುರುಷ. ಆದರೆ ಜಗನ್ಮಾತೆ, ಶಕ್ತಿಮಾತೆ ಎಂಬ ಮಾತುಗಳ ನಡುವೆ ಬೆಳೆದ ನಮ್ಮ ಕಿವಿ ಅದನ್ನು ಬೇರೆಯೇ ರೀತಿ ಬಿಡಿಸಿಕೊಳ್ಳುತ್ತದೆ: ದೇವರೇ ಆದ ಮಾತೆ. ಎಫೆಸದವರು ಮಗನಿಗೆಂದು ಕೊಟ್ಟ ಪದ ಕನ್ನಡದ ಕಿವಿಗೆ ಬೀಳುವಾಗ ತಾಯಿಗೇ ಸಿಂಹಾಸನ ಹಾಕಿಬಿಡುತ್ತದೆ. ಗ್ರೀಕ್ ಪದದ ಉತ್ತರಾರ್ಧಕ್ಕೆ ಹೆರುವುದು ಎಂಬ ಅರ್ಥ. ಅದಕ್ಕೆ ಕನ್ನಡದಲ್ಲಿ ಸಂಸ್ಕೃತದ ಹಂಗಿಲ್ಲದ, ಹಸಿ ಬಾಣಂತಿಯ ವಾಸನೆಯ ಪದ ಇದೆ: ಹೆತ್ತವಳು, ಹೆತ್ತಮ್ಮ. 'ದೇವರನ್ನು ಹೆತ್ತಮ್ಮ' ಎಂದು ನೋಡಿ. 'ಅಮ್ಮ' ಉಳಿಯಿತು, ನಮ್ಮ ಅತ್ತೆಯ ಗೌರವಕ್ಕೆ ಕುಂದಿಲ್ಲ. ಹೆತ್ತಳು ಎಂದ ಮೇಲೆ ಆಕೆ ಹೆಂಗಸು, ಮನುಷ್ಯಳು, ನನ್ನ ತಂದೆಯ ಅಳುಕಿಗೂ ಜಾಗವಿಲ್ಲ.

ಹಾಗಂತ ಪದ ಸರಿಮಾಡಿದರೆ ಜಗಳ ತೀರಿತು ಎಂದು ನಾನು ಹೇಳಲಾರೆ. ಹರಿಹರದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರನಾಗಿ ಒಂದೇ ಮೂರ್ತಿ ನಿಂತಿದೆ. ಅದನ್ನು ತೋರಿಸಿ, ನೀವೂ ಹಾಗೆ ಕೂಡಿಕೊಳ್ಳಿ ಎಂದು ಒಳ್ಳೆಯ ಮನಸ್ಸಿನ ಸ್ನೇಹಿತರು ನಮಗೆ ಹೇಳುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ನಮ್ಮ ಭಿನ್ನಾಭಿಪ್ರಾಯ ಅರ್ಧರ್ಧ ಮಾಡಿ ಜೋಡಿಸುವಂಥದ್ದಲ್ಲ.

ಅದು ಎಲ್ಲಿದೆ ಎಂದು ನನಗೆ ತೋರಿಸಿಕೊಟ್ಟದ್ದು ನನ್ನ ತಂದೆ ಮತ್ತು ಅತ್ತೆಯೇ. ಒಮ್ಮೆ ತಂದೆಯವರು ಹರಿಹರಕ್ಕೆ ಬಂದಿದ್ದರು. ಸಂಜೆಯ ಜಪಸರ ಮುಗಿದಿತ್ತು. ತಂದೆ ಮೆಲ್ಲಗೆ ಕೇಳಿದರು: "ಬೀಗಿತ್ತಿಯವರೇ, ಅಮ್ಮನ ಕಡೆಯಿಂದ ಹೇಳಿಸಿದ್ರೆ ಮಗ ಕೇಳ್ತಾನೆ ಅಂತೀರಿ. ಹಂಗಾದ್ರೆ ಮಗನಿಗೆ ನಮ್ಮ ಮೇಲೆ ತಾನಾಗೇ ಕರುಣೆ ಇಲ್ಲ ಅಂತಾತಲ್ಲ?" ಅತ್ತೆ ಸೆರಗಿನಲ್ಲಿ ಜಪಸರ ಒರೆಸುತ್ತಾ, "ಹೋದ ತಿಂಗಳು ನಿಮಗೆ ಜ್ವರ ಬಂದಾಗ ಪ್ರಾರ್ಥನೆ ಮಾಡ್ರಿ ಅಂತ ಸಭೆಯೋರಿಗೆಲ್ಲ ಹೇಳಿ ಕಳಿಸಲಿಲ್ಲೇನ್ರಿ ಬೀಗರೆ? ದೇವರಿಗೆ ನಿಮ್ಮ ಮೇಲೆ ಕರುಣೆ ಇರಲಿಲ್ಲೇನು?" ಎಂದರು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಬದುಕಿರೋರು, ಹೇಳಿದ್ರೆ ಕೇಳಿಸ್ತದೆ" ಎಂದರು. "ಅಮ್ಮನೋರು ಸತ್ತಾರೆ ಅಂದೋರು ಯಾರು?" ಎಂದರು ಅತ್ತೆ.

ಆ ರಾತ್ರಿ ಮಾತು ಅಲ್ಲಿಗೇ ನಿಂತಿತು. ನಮ್ಮ ಪಂಡಿತರ ವಾದವೂ ಕೊನೆಗೆ ನಿಲ್ಲುವುದು ಅಲ್ಲೇ. ಕ್ರಿಸ್ತನಲ್ಲಿ ತೀರಿಕೊಂಡವರನ್ನು ನಮಗಾಗಿ ಬೇಡಿಕೊಳ್ಳಿ ಎಂದು ಕೇಳಬಹುದೇ? ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಯೇಸು ಒಬ್ಬನೇ ಎಂದು ಪೌಲನು ತಿಮೊಥೆಯನಿಗೆ ಬರೆದದ್ದನ್ನು ಇಬ್ಬರೂ ಓದುತ್ತಾರೆ, ಇಬ್ಬರೂ ನಂಬುತ್ತಾರೆ. ಒಬ್ಬನೇ ಎಂದ ಮೇಲೆ ಇನ್ನೊಬ್ಬರ ಹೆಸರೇಕೆ ಎಂದು ಪ್ರೊಟೆಸ್ಟಂಟರ ಪ್ರಶ್ನೆ. ಆ ಒಬ್ಬನೊಳಗೇ ಎಲ್ಲರೂ ಒಬ್ಬರಿಗಾಗಿ ಒಬ್ಬರು ಬೇಡುತ್ತಾರೆ, ಸಾವು ಆ ಬಳ್ಳಿಯನ್ನು ಕಡಿಯಲಾರದು ಎಂದು ಕಥೋಲಿಕರ ಉತ್ತರ. ಇನ್ನೊಂದು ಗಂಟೂ ಇದೆ. 1854ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಅವರು ಮರಿಯಮ್ಮನವರು ಜನ್ಮಪಾಪವಿಲ್ಲದೆ ಗರ್ಭದಲ್ಲಿ ಮೂಡಿದರು ಎಂಬ ಅಮಲೋದ್ಭವವನ್ನೂ, 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಆಕೆಯನ್ನು ದೇಹಸಮೇತ ಸ್ವರ್ಗಕ್ಕೆ ಎತ್ತಿಕೊಳ್ಳಲಾಯಿತು ಎಂಬ ಸ್ವರ್ಗಸ್ವೀಕಾರವನ್ನೂ ನಂಬಲೇಬೇಕಾದ ಸತ್ಯ ಎಂದು ಸಾರಿದರು. ಬೈಬಲಿನಲ್ಲಿ ನೇರವಾಗಿ ಬರೆಯದ್ದನ್ನು ನಂಬಲೇಬೇಕು ಎಂದು ಹೇಳುವ ಅಧಿಕಾರ ಯಾರಿಗಿದೆ? ಆ ಜಗಳ ಅಮ್ಮನವರದ್ದಲ್ಲ, ಅಧಿಕಾರದ್ದು. ಅದನ್ನು ಆಕೆಯ ಮಡಿಲಿಗೆ ಹಾಕಿರುವುದು ನನಗೆ ಸಂಕಟದ ವಿಷಯ.

ಇಲ್ಲಿರುವ ಕಥೋಲಿಕ ಬಂಧುಗಳಿಗೆ ಒಂದು ಮಾತು. ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಮರಿಯಮ್ಮನವರಿಗೆ ಪ್ರತ್ಯೇಕ ದಸ್ತಾವೇಜು ಬೇಕೋ, ಧರ್ಮಸಭೆಯ ಕುರಿತ ದಸ್ತಾವೇಜಿನಲ್ಲೇ ಒಂದು ಅಧ್ಯಾಯ ಸಾಕೋ ಎಂದು 1963ರ ಅಕ್ಟೋಬರ್ 29ರಂದು ಮತಕ್ಕೆ ಹಾಕಿದರು. ಒಳಗೇ ಇರಲಿ ಎಂದವರು 1114, ಪ್ರತ್ಯೇಕ ಬೇಕು ಎಂದವರು 1074. ನಲವತ್ತು ಮತಗಳ ಅಂತರದಲ್ಲಿ ಆಕೆ ಸಭೆಯ ಮೇಲಿನಿಂದ ಸಭೆಯ ಒಳಗೆ, ವಿಶ್ವಾಸಿಗಳ ಸಾಲಿಗೆ ಬಂದು ಕುಳಿತರು. ಆ ದಸ್ತಾವೇಜಿನ ಎಂಟನೆಯದಾಗಿ ಸೇರಿದ ಆ ಅಧ್ಯಾಯವನ್ನು ನಮ್ಮ ಹಳ್ಳಿಯ ದೇವಾಲಯಗಳಲ್ಲಿ ಯಾರಾದರೂ ಓದಿಸಿದ್ದಾರೆಯೇ? 2025ರ ನವೆಂಬರ್ 4ರಂದು, ಪೋಪ್ ಹದಿನಾಲ್ಕನೆಯ ಲಿಯೋ ಅವರ ಒಪ್ಪಿಗೆಯೊಂದಿಗೆ, ವ್ಯಾಟಿಕನ್ನಿನ ವಿಶ್ವಾಸಬೋಧನಾ ವಿಭಾಗ ಒಂದು ಟಿಪ್ಪಣಿ ಹೊರಡಿಸಿತು. ಆಕೆಯನ್ನು 'ಸಹವಿಮೋಚಕಿ' ಎಂದು ಕರೆಯುವುದು ಸೂಕ್ತವಲ್ಲ ಎಂದು ಅದು ಹೇಳಿದೆ. ಹಿಂದಿನ ಕೆಲವು ಪೋಪರೇ ಬಳಸಿದ್ದ ಬಿರುದು ಅದು. ಮತ್ತೆ ಮತ್ತೆ ವಿವರಣೆ ಕೊಡಬೇಕಾಗುವ ಪದ ಜನರ ವಿಶ್ವಾಸಕ್ಕೆ ನೆರವಾಗುವುದಿಲ್ಲ ಎಂಬುದು ಅಲ್ಲಿ ಕೊಟ್ಟ ಕಾರಣಗಳಲ್ಲೊಂದು. ಕನ್ನಡ ಕಲಿಸಿದವಳಾಗಿ ನಾನು ಅದಕ್ಕೆ ಕೈಮುಗಿಯುತ್ತೇನೆ. ನಮ್ಮ ಭಕ್ತಿಗೀತೆಗಳನ್ನು, ನೊವೆನಾ ಪುಸ್ತಕಗಳನ್ನು ಆ ಅಳತೆಗೋಲು ಹಿಡಿದು ಒಮ್ಮೆ ನೋಡಿ.

ನನ್ನ ತವರಿನವರಿಗೂ ಹೇಳಬೇಕು. ನಾವು ಮರಿಯಳನ್ನು ಡಿಸೆಂಬರಿನಲ್ಲಿ ಗೋದಲಿಯ ಗೊಂಬೆಗಳ ಜೊತೆ ಹೊರತೆಗೆದು ಜನವರಿಯಲ್ಲಿ ಪೆಟ್ಟಿಗೆಗೆ ಹಾಕುತ್ತೇವೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದದ್ದನ್ನು ಮೊದಲು ಕಂಡವಳು, ಶಿಷ್ಯರು ಓಡಿಹೋದಾಗಲೂ ಶಿಲುಬೆಯ ಬುಡದಲ್ಲಿ ನಿಂತವಳು, ಪಂಚಾಶತ್ತಮದ ಮೊದಲು ಮೇಲುಪ್ಪರಿಗೆಯಲ್ಲಿ ಪ್ರಾರ್ಥಿಸುತ್ತಾ ಕುಳಿತವಳು ನಮ್ಮ ಪ್ರಸಂಗಗಳಲ್ಲಿ ಎಷ್ಟು ಸಲ ಬಂದಿದ್ದಾಳೆ? ಕಥೋಲಿಕರು ಹೆಚ್ಚು ಹೇಳಿದರು ಎಂದು ನಾವು ಬಾಯಿಯನ್ನೇ ಮುಚ್ಚಿಕೊಂಡೆವು. 2005ರಲ್ಲಿ ಆಂಗ್ಲಿಕನ್ ಮತ್ತು ಕಥೋಲಿಕ ಪಂಡಿತರ ಜಂಟಿ ಆಯೋಗ ಆಕೆಯ ಬಗ್ಗೆ ಒಂದು ಹೇಳಿಕೆಯನ್ನೇ ಪ್ರಕಟಿಸಿತು. ಎಲ್ಲ ಗಂಟೂ ಬಿಚ್ಚಲಿಲ್ಲ, ಆದರೆ ಕೂತು ಮಾತಾಡಿದರು. ಅಂಥ ಕೂಟ ಕನ್ನಡದಲ್ಲೂ ನಡೆಯಬೇಕು.

ಅತ್ತೆ ತೀರಿಕೊಂಡ ದಿನ ಅಂಗಳದಲ್ಲಿ ಜಪಸರ ಶುರುವಾದಾಗ ತವರಿನ ಕಡೆಯ ಕೆಲವರು ಎದ್ದು ರಸ್ತೆಗೆ ಹೋಗಿ ನಿಂತರು. ನನ್ನ ತಂದೆ ಎದ್ದು ಹೋಗಲಿಲ್ಲ. ನಮೋ ಮರಿಯ ಅವರ ಬಾಯಲ್ಲಿ ಬರಲಿಲ್ಲ, ಬರುವುದೂ ಇಲ್ಲ ಎಂದು ನನಗೆ ಗೊತ್ತಿತ್ತು. ಪ್ರತಿ ಹತ್ತು ಮಣಿಗೊಮ್ಮೆ ಕರ್ತನ ಪ್ರಾರ್ಥನೆ ಬರುತ್ತದಲ್ಲ, ಆಗ ಮಾತ್ರ ಅವರ ದನಿ ಎಲ್ಲರ ದನಿಗಿಂತ ಗಟ್ಟಿಯಾಗಿ ಕೇಳುತ್ತಿತ್ತು.

ಊಟದ ನಂತರದ ಗೋಷ್ಠಿಯಲ್ಲಿ ನಾವು ಲೂಕನ ಮೊದಲ ಅಧ್ಯಾಯ ಓದುತ್ತೇವೆ. ಎರಡೂ ಕಡೆಯ ಕನ್ನಡ ಬೈಬಲುಗಳನ್ನು ಮೇಜಿನ ಮೇಲೆ ಇಡಿಸಿದ್ದೇನೆ. ಕಥೋಲಿಕರು ಪ್ರೊಟೆಸ್ಟಂಟರ ಪ್ರತಿ ಎತ್ತಿಕೊಳ್ಳಿ, ಪ್ರೊಟೆಸ್ಟಂಟರು ಕಥೋಲಿಕರದ್ದು. ನಿಮಗೆ ನೋವಾದ ಪದ ಸಿಕ್ಕಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿಡಿ, ಆ ಪಟ್ಟಿಯಿಂದಲೇ ಚರ್ಚೆ ಪ್ರಾರಂಭಿಸೋಣ.