ಕೋರಾ ಬಟ್ಟೆ, ಅಡಿಕೆ ಚೊಗರು: ಊಟದ ಮೇಜಿಗೊಂದು ಹಾಸು

(ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಮಹಿಳಾ ಸದಸ್ಯರ ಸಭೆಯಲ್ಲಿ ಆಡಿದ ಮಾತು)



ಹಾಲಿನ ಸಭೆಯಲ್ಲಿ ಬಟ್ಟೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬೆಳಗಿನ ಹಾಲು ಸಂಘಕ್ಕೆ ಹಾಕಿ, ಕೊಟ್ಟಿಗೆ ಕೆಲಸ, ಅಡುಗೆ, ಊಟ ಎಲ್ಲ ಮುಗಿದ ಮೇಲೆ ಸಂಜೆ ಹಾಲು ಕರೆಯುವ ತನಕ ನಿಮಗೆ ಒಂದೆರಡು ತಾಸು ಸಿಗುತ್ತದೆ. ಇಂದಿನ ಮಾತು ಆ ಒಂದೆರಡು ತಾಸಿನದು. ಆ ಹೊತ್ತಿನಲ್ಲಿ ಕಡಿಮೆ ಖರ್ಚಿನ ಮೇಜಿನ ಹಾಸು ಮಾಡುವುದು ಹೇಗೆ, ಮಾರುವುದಾದರೆ ಅದಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬುದನ್ನು ಹೇಳುತ್ತೇನೆ. ಎರಡನೆಯದೇ ಕಷ್ಟದ್ದು.

ನಮ್ಮ ಕಡೆ ಊಟದ ಮೇಜು ಬಹಳ ಹಳೆಯದೇನಲ್ಲ. ಕೂರಲು ಮಣೆ, ಉಣ್ಣಲು ಬಾಳೆಲೆ. ಎಲೆ ಎತ್ತಿ ಗೋಮಯ ಹಚ್ಚಿದರೆ ನೆಲ ಶುದ್ಧ. ಮೇಜು ಬಂದಾಗ ಅದರ ಜತೆಗೇ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆಯೂ ಬಂತು. ಒರೆಸಲು ಸುಲಭ, ಒಪ್ಪುತ್ತೇನೆ. ಆದರೆ ಒಲೆಯಿಂದ ಇಳಿಸಿದ ಪಾತ್ರೆಗೆ ಅದು ಅಂಟುತ್ತದೆ, ಕೆಲವು ದಿನಕ್ಕೆ ಅಂಚು ಒಡೆಯುತ್ತದೆ. ಹರಿದದ್ದನ್ನು ಸುಡುವ ಹಾಗಿಲ್ಲ; ಬೆಟ್ಟಕ್ಕೆ ಎಸೆದರೆ ಮೇಯಲು ಹೋದ ದನ ತಿನ್ನುತ್ತದೆ. ಪ್ಲಾಸ್ಟಿಕ್ ತಿಂದ ಆಕಳಿನ ಪಾಡು ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನು ಬಿಳಿ ಬಟ್ಟೆ ಹಾಸಿದರೆ ಒಂದೇ ದಿನಕ್ಕೆ ಅರಿಸಿನದ ಕಲೆ, ಅದಕ್ಕೆ ಸಾಬೂನು ತಾಗಿದರೆ ಕೆಂಪು.

ಇದಕ್ಕೆ ಉಪಾಯ ನಮ್ಮ ಅಂಗಳದಲ್ಲೇ ಇದೆ. ಬಟ್ಟೆಯಂಗಡಿಯಲ್ಲಿ ಕೋರಾ ಬಟ್ಟೆ ಕೇಳಿ. ಬಿಳಿ ಮಾಡದ, ಬಣ್ಣ ಹಾಕದ ದಪ್ಪ ಹತ್ತಿ ಬಟ್ಟೆ. ಹಾಸಿಗೆ ಗವಸಿಗೆ, ಚೀಲಕ್ಕೆ, ಒಳಪದರಕ್ಕೆ ಬಳಸುವಂಥದು. ನೋಡಲು ಒರಟು, ಬಾಳಿಕೆಗೆ ಗಟ್ಟಿ. ಅದಕ್ಕೆ ಬಣ್ಣ ಕೊಡಲು ಅಡಿಕೆಯ ಚೊಗರು. ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವ ಮನೆಗಳಲ್ಲಿ ಹಂಡೆಯ ತಳಕ್ಕೆ ಉಳಿಯುವ ಮಂದ ಕಷಾಯವೇ ಅದು. ಚಾಲಿ ಮಾತ್ರ ಮಾಡುವವರು ನೆರೆಮನೆಯಲ್ಲಿ ಕೇಳಿಕೊಳ್ಳಬೇಕು. ನಾಲಿಗೆಗೆ ಒಗರು ಎನ್ನಿಸುವ ಅದೇ ಗುಣ ಬಟ್ಟೆಯ ನೂಲಿಗೆ ಬಣ್ಣವಾಗಿ ಹಿಡಿಯುತ್ತದೆ. ಇದು ನಾನು ಕಂಡುಹಿಡಿದದ್ದಲ್ಲ. ಗಡಿಯಾಚೆ ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಶುರುವಾದ ‘ಚರಕ’ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಕೊಟ್ಟು ನಾಡಿಗೆಲ್ಲ ತೋರಿಸಿದ್ದಾರೆ.

ಐದು ಅಡಿ ಉದ್ದ, ಮೂರು ಅಡಿ ಅಗಲದ ಮೇಜಿಗೆ 48 ಅಂಗುಲ ಪನ್ನದ ಬಟ್ಟೆ ಎರಡು ಮೀಟರ್ ಸಾಕು. ನಾಲ್ಕೂ ಕಡೆ ಸುಮಾರು ನಾಲ್ಕು ಅಂಗುಲ ಇಳಿಬೀಳುತ್ತದೆ. ತಂದ ಕೂಡಲೇ ಕತ್ತರಿ ಹಾಕಬೇಡಿ. ಕೋರಾ ಬಟ್ಟೆ ಮೀಟರಿಗೆ ಎರಡು ಮೂರು ಅಂಗುಲ ಕುಗ್ಗುತ್ತದೆ. ನೇಯುವಾಗ ನೂಲಿಗೆ ಹಾಕಿದ ಗಂಜಿ, ಹತ್ತಿಯದೇ ಮೇಣ ಎರಡೂ ಅದರಲ್ಲಿರುತ್ತವೆ. ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಮರುದಿನ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಒಂದು ತಾಸು ಕುದಿಸಿ, ಚೆನ್ನಾಗಿ ಜಾಲಿಸಿ ಒಣಗಿಸಿ. ಆಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮುತ್ತಿನ ಹಾಗೆ ನಿಂತರೆ ಇನ್ನೊಮ್ಮೆ ಕುದಿಸಬೇಕು, ಥಟ್ಟನೆ ಹೀರಿದರೆ ಬಟ್ಟೆ ತಯಾರು. ಬಣ್ಣ ಮಚ್ಚೆಮಚ್ಚೆಯಾಗಿ ಹಿಡಿಯಿತು ಎಂದು ದೂರುವವರಲ್ಲಿ ಹೆಚ್ಚಿನವರು ಈ ಕೆಲಸದಲ್ಲೇ ಅವಸರ ಮಾಡಿದವರು.

ಮುಂದೆ ಪಟಿಕ, ಅಂದರೆ ಕ್ಷೌರಿಕರು ಇಟ್ಟುಕೊಳ್ಳುವ ಅದೇ ಬಿಳಿ ಕಲ್ಲು. ನೂರು ಗ್ರಾಂ ಬಟ್ಟೆಗೆ ಹದಿನೈದು ಗ್ರಾಮಿನಷ್ಟು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಅದರಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ಹಿಂಡಿ, ಬಟ್ಟೆ ಸಡಿಲವಾಗಿ ತೇಲುವಷ್ಟು ನೀರಿಗೆ ಚೊಗರು ಬೆರೆಸಿ ಮುಕ್ಕಾಲು ತಾಸು ಕಾಯಿಸಿ. ಆಗಾಗ ಕೋಲಿನಿಂದ ತಿರುವುತ್ತಿರಬೇಕು. ಚೊಗರಿನ ಅಳತೆ ಬಾಯಲ್ಲಿ ಹೇಳಿದರೆ ಸುಳ್ಳಾದೀತು. ಒಂದೊಂದು ಮನೆಯ ಚೊಗರು ಒಂದೊಂದು ಮಂದ. ಮೊದಲು ಅಂಗೈ ಅಗಲದ ತುಂಡು ಅದ್ದಿ ಒಣಗಿಸಿ ನೋಡಿ. ಒದ್ದೆ ಬಟ್ಟೆಯ ಬಣ್ಣವನ್ನು ನಂಬಬೇಡಿ. ಬಣ್ಣ ಇನ್ನಷ್ಟು ಕೆಂಪಗೆ ಬೇಕಾದರೆ ಕೊನೆಯಲ್ಲಿ ಸುಣ್ಣದ ತಿಳಿನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಕವಳ ಹಾಕುವವರಿಗೆ ಇದರ ಕಾರಣ ಕೇಳುವುದೇ ಬೇಡ! ಬೂದು ಬಣ್ಣ ಬೇಕಿದ್ದರೆ ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಕೂಡಿಸಿ ಎರಡು ಮೂರು ವಾರ ಇಟ್ಟ ನೀರನ್ನು ಸೋಸಿ ಸ್ವಲ್ಪವೇ ಬಳಸಿ. ಕಬ್ಬಿಣದ ಅಂಶ ಹೆಚ್ಚಾದರೆ ನೂಲು ಬಲ ಕಳೆದುಕೊಳ್ಳುತ್ತದೆ.

ಪಾತ್ರೆಯ ವಿಷಯದಲ್ಲಿ ಒಂದು ಮಾತು ಬಿಗಿಯಾಗಿಯೇ ಹೇಳುತ್ತೇನೆ. ಕೊಳೆ ಔಷಧಿಗೆ ಮೈಲುತುತ್ತ ಕಲಸಿದ ಡ್ರಮ್ಮು ಇದಕ್ಕೆ ಬೇಡವೇ ಬೇಡ. ಅನ್ನದ ತಟ್ಟೆ ಇಡುವ ಬಟ್ಟೆ ಇದು. ಹಾಲಿನ ಕ್ಯಾನನ್ನೂ ಮುಟ್ಟಬೇಡಿ.

ಹಾಲಿನ ಮಾತು ಬಂತಲ್ಲ, ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿ ಚಿತ್ರಕಾರರು ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಹಾಲಿನ ಜಿಡ್ಡಿನಿಂದ ಲೇಖನಿಯ ಬಣ್ಣ ಹರಡದೆ ಗೆರೆ ಚೊಕ್ಕವಾಗಿ ನಿಲ್ಲುತ್ತದೆ. ನಮ್ಮದು ಚಿತ್ರವಿಲ್ಲದ ಸಾದಾ ಬಣ್ಣ, ಅದಕ್ಕೆ ಹಾಲು ಬೇಡ. ನಮ್ಮ ಮಳೆಗಾಲದ ಥಂಡಿಗೆ ಮುಗ್ಗಲು ವಾಸನೆಯೂ ಬಂದೀತು. ಹಾಲನ್ನು ಸಂಘಕ್ಕೇ ಹಾಕಿ. ಅಳಲೆಕಾಯಿ ಮಾತ್ರ ನೆನಪಿಟ್ಟುಕೊಳ್ಳಿ. ಚೊಗರು ಸಿಗದವರು ಸೊಪ್ಪಿನ ಬೆಟ್ಟದಲ್ಲಿ ಆರಿಸಿದ ಅಳಲೆಕಾಯಿಯ ಸಿಪ್ಪೆ ಜಜ್ಜಿ ನೆನೆಸಿದರೆ ಮಾಸಲು ಹಳದಿ ಬರುತ್ತದೆ.

ಅಂಚನ್ನು ಒಂದು ಅಂಗುಲ ಮಡಚಿ ಕೈಯಲ್ಲೇ ಹೊಲಿಯಬಹುದು. ಮೇಜಿನ ಹಾಸಿಗೆ ಅಷ್ಟು ಸಾಕು. ತಟ್ಟೆಯ ಕೆಳಗೆ ಇಡುವ ಚಿಕ್ಕ ಹಾಸಿಗಾದರೆ ಎರಡು ಪದರದ ನಡುವೆ ಹಳೆಯ ಸೀರೆಯ ತುಂಡು ಹಾಕಿ ಕೌದಿಯಂತೆ ಹೊಲಿಯಿರಿ. ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ಚೂರುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಗೆ ನಡುವಿನ ತನಕ ಹೊಲಿಯುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ‘ಹೂ’ ಇಡುತ್ತಾರೆ. ಅವರ ಕೌದಿಗಳು ಪರದೇಶದ ವಿದ್ವಾಂಸರ ಕಣ್ಣಿಗೂ ಬಿದ್ದಿವೆ. ಅವರ ಬಳಿ ಕೂತು ಕಲಿಯಿರಿ, ಕಲಿತದ್ದಕ್ಕೆ ಸಂಭಾವನೆಯನ್ನೂ ಕೊಡಿ.

ಈಗ ಬೆಲೆ. ಸಾತೊಡ್ಡಿ, ಮಾಗೋಡು, ಉಂಚಳ್ಳಿ ಜಲಪಾತ ನೋಡಲು ಬರುವವರು ನಮ್ಮ ಊರುಗಳ ಹೋಂಸ್ಟೇಗಳಲ್ಲಿ ಉಳಿಯುತ್ತಾರೆ. ಅಂಥ ಮನೆಗಳಿಗೆ ಇಂಥ ಹಾಸು ಒಪ್ಪುತ್ತದೆ, ಕೇಳುವವರು ಸಿಗುತ್ತಾರೆ. ಆದರೆ ಕೇಳಿದವರಿಗೆ ನಾವು ಏನೆನ್ನುತ್ತೇವೆ? ‘ಬಟ್ಟೆ ದುಡ್ಡು ಕೊಡಿ ಸಾಕು, ಚೊಗರು ಮನೆಯದೇ, ಹೊಲಿದದ್ದು ನಾನೇ’ ಎನ್ನುತ್ತೇವೆ. ಹಾಲಿಗೆ ಹೀಗೆ ಹೇಳುತ್ತೇವೆಯೇ? ಜಿಡ್ಡು 3.5, ಘನಾಂಶ 8.5 ಎಂದು ಅಳೆದು, ಪಾಸ್ ಪುಸ್ತಕದಲ್ಲಿ ಬರೆಸಿ, ಹತ್ತು ಪೈಸೆ ಕಡಿಮೆಯಾದರೂ ಕಾರ್ಯದರ್ಶಿಯವರನ್ನು ಕೇಳುತ್ತೇವೆ. ಬಟ್ಟೆಗೆ ಲ್ಯಾಕ್ಟೋಮೀಟರ್ ಇಲ್ಲ, ಆದ್ದರಿಂದ ಅಳತೆ ನಾವೇ ಇಟ್ಟುಕೊಳ್ಳಬೇಕು. 2024–25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 349 ರೂಪಾಯಿ ಇತ್ತು. ಎಂಟು ತಾಸಿಗೆ ಹಂಚಿದರೆ ತಾಸಿಗೆ 43 ರೂಪಾಯಿಗಿಂತ ತುಸು ಹೆಚ್ಚು. ಒಂದು ಹಾಸಿಗೆ ಕುದಿಸಿ, ಅದ್ದಿ, ಹೊಲಿಯಲು ನಾಲ್ಕು ತಾಸು ಹಿಡಿದರೆ ನಿಮ್ಮ ಕೂಲಿಯೇ ಸುಮಾರು 175. ಅದರ ಮೇಲೆ ಬಟ್ಟೆ, ಪಟಿಕ, ದಾರ, ಸೌದೆ. ಇದಕ್ಕಿಂತ ಕಡಿಮೆಗೆ ಕೊಟ್ಟರೆ ಕೊಂಡವರಿಗೆ ನೀವೇ ದುಡ್ಡು ಕೊಟ್ಟ ಹಾಗೆ. ತಂಗಿಗೋ ಮಗಳಿಗೋ ಉಡುಗೊರೆ ಕೊಡುವುದು ಬೇರೆ ಮಾತು.

ಹಾಗೆಂದು ಸಾಲ ಮಾಡಿ ನೂರು ಹಾಸು ಮಾಡಿಡಬೇಡಿ. ಇಷ್ಟೊಂದು ಹೆಸರುವಾಸಿಯಾದ ಚರಕವೇ 2020ರಲ್ಲಿ ಹಣದ ಸಂಕಟಕ್ಕೆ ಸಿಕ್ಕಿತ್ತು. ಮೊದಲು ನಿಮ್ಮ ಮೇಜಿಗೆ ಒಂದು. ನೋಡಿದವರು ಕೇಳಿದರೆ ಎರಡು. ದುಡ್ಡು ಬಂದರೆ ಹಾಲಿನ ದುಡ್ಡಿನ ಹಾಗೆ ನಿಮ್ಮ ಹೆಸರಿನ ಖಾತೆಗೇ ಹೋಗಲಿ.

ಒಗೆಯುವಾಗ ಸೋಡಾ ಬೇಡ, ಅಂಟುವಾಳದ ನೊರೆ ಅಥವಾ ಮೆದು ಸಾಬೂನು ಸಾಕು. ನೆರಳಲ್ಲಿ ಒಣಗಿಸಿ. ಕೆಲಸ ಹಿಡಿಯಲು ಸರಿಯಾದ ಕಾಲವೆಂದರೆ ಅಡಿಕೆ ಕೊಯ್ಲು. ಚೊಗರೂ ಸಿಗುತ್ತದೆ, ಬಿಸಿಲೂ ಇರುತ್ತದೆ. ಜೂನ್ ತಿಂಗಳಲ್ಲಿ ಶುರುಮಾಡಿದರೆ ಬಟ್ಟೆ ಒಣಗದೆ ಬೂಸ್ಟು ಹಿಡಿಯುತ್ತದೆ. ಅಡಿಕೆ ಬೇಯಿಸುವ ಮನೆಯವರಿಗೆ ಒಂದು ಕೊಡ ಚೊಗರು ಬೇಕೆಂದು ಈಗಲೇ ಹೇಳಿಡಿ. ಮುಂದಿನ ಸಭೆಗೆ ಬರುವಾಗ ನಿಮ್ಮ ಬಣ್ಣದ ತುಂಡೊಂದನ್ನು ಕಾಗದಕ್ಕೆ ಅಂಟಿಸಿ, ಎಷ್ಟು ಚೊಗರು, ಎಷ್ಟು ನೀರು, ಎಷ್ಟು ತಾಸು ಎಂದು ಕೆಳಗೆ ಬರೆದು ತನ್ನಿ.