ನಮ್ಮ ಜಾಡು ಯಾರ ಸೊತ್ತು?



ಹಿಂದೆ ನಮಾಝ್‌ನ ಸಮಯ ತಿಳಿಯಲು ನಾವು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದೆವು. ಇಂದು ಮೊಬೈಲನ್ನು ನೋಡುತ್ತೇವೆ. ಕ್ಯಾಲೆಂಡರ್ ನಮ್ಮನ್ನು ನೋಡುತ್ತಿರಲಿಲ್ಲ, ಮೊಬೈಲ್ ನೋಡುತ್ತದೆ. ಇಂದಿನ ಮಾತು ಈ ವ್ಯತ್ಯಾಸದ ಕುರಿತಾಗಿದೆ.

ಮುಸ್ಲಿಮ್ ಪ್ರೊ ಎಂಬ ಆ್ಯಪ್ ನಮಾಝ್‌ನ ಸಮಯವನ್ನೂ ಕಿಬ್ಲಾದ ದಿಕ್ಕನ್ನೂ ತಿಳಿಸುತ್ತದೆ. 2020ರ ವೇಳೆಗೆ ಅದು 9 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿತ್ತು. ಅದರ ಬಳಕೆದಾರರು ಇರುವ ಸ್ಥಳದ ಮಾಹಿತಿಯು ಎಕ್ಸ್-ಮೋಡ್ ಎಂಬ ದತ್ತಾಂಶ ವ್ಯಾಪಾರಿ ಕಂಪೆನಿಗೆ ಹೋಗುತ್ತಿತ್ತೆಂದೂ, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನಾ ಗುತ್ತಿಗೆದಾರರೂ ಇದ್ದರೆಂದೂ ಅದೇ ವರ್ಷದ ನವೆಂಬರ್‌ನಲ್ಲಿ ಮದರ್‌ಬೋರ್ಡ್ ಎಂಬ ಸುದ್ದಿತಾಣ ಬಯಲಿಗೆಳೆಯಿತು. ಸೇನೆಗೆ ತಾನು ಮಾಹಿತಿ ಮಾರಿಲ್ಲವೆಂದು ಹೇಳಿದ ಆ್ಯಪ್ ಸಂಸ್ಥೆಯು ಎಕ್ಸ್-ಮೋಡ್‌ನೊಂದಿಗಿನ ಸಂಬಂಧವನ್ನು ಕಡಿದುಕೊಂಡಿತು. ಬಳಕೆದಾರರು ಕೊಟ್ಟದ್ದು ಕಿಬ್ಲಾ ತಿಳಿಯುವುದಕ್ಕಾಗಿ ಕೊಟ್ಟ ಅನುಮತಿ. ಅದು ತಲುಪಿದ್ದು ಅವರು ಊಹಿಸಿಯೂ ಇರದ ಮಾರುಕಟ್ಟೆಗೆ.

ಈ ಮಾರುಕಟ್ಟೆ ಬೆಳೆದುದು ಜಾಹೀರಾತಿನ ನೆರಳಿನಲ್ಲಿ. 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಇಂಜಿನಿಯರ್ ಲೂ ಮೊಂಟುಲ್ಲಿ ‘ಕುಕಿ’ಯನ್ನು ರೂಪಿಸಿದರು. ಜಾಲತಾಣದ ಅಂಗಡಿಯು ಗ್ರಾಹಕನ ಬುಟ್ಟಿಯಲ್ಲಿ ಏನಿದೆಯೆಂದು ನೆನಪಿಟ್ಟುಕೊಳ್ಳಬೇಕೆಂಬುದಷ್ಟೇ ಅದರ ಉದ್ದೇಶವಾಗಿತ್ತು. ಜಾಹೀರಾತು ಕಂಪೆನಿಗಳು ಅದನ್ನು ಬೇರೆ ಕೆಲಸಕ್ಕೆ ಹಚ್ಚಿದವು. ಸುದ್ದಿಯ ಪುಟಕ್ಕೂ ಔಷಧಿಯ ಪುಟಕ್ಕೂ ಜಾಹೀರಾತು ಒದಗಿಸುವ ಕಂಪೆನಿ ಒಂದೇ ಆಗಿದ್ದರೆ, ಎರಡೂ ಕಡೆ ಬಂದವನು ಒಬ್ಬನೇ ಎಂದು ಅದು ಗುರುತಿಸಬಲ್ಲದು. ಹೆಸರು ಗೊತ್ತಿಲ್ಲದಿದ್ದರೂ ಅವನ ಕಾಯಿಲೆ, ಸಾಲ, ಓದಿನ ಒಲವು ಎಲ್ಲವೂ ಒಂದು ಸಂಖ್ಯೆಯ ಕೆಳಗೆ ಜಮೆಯಾಗುತ್ತವೆ. ಅನೇಕ ಪುಟಗಳು ತೆರೆದುಕೊಳ್ಳುವ ಕ್ಷಣದಲ್ಲೇ ಅಲ್ಲಿನ ಜಾಹೀರಾತಿನ ಜಾಗ ಹರಾಜಾಗುತ್ತದೆ. ಹರಾಜು ಗೆಲ್ಲುವವನು ಒಬ್ಬನೇ. ಆದರೆ ಓದುಗನ ವಿವರ ಹರಾಜಿಗೆ ಬಂದವರೆಲ್ಲರ ಕೈಗೆ ಸಿಗುತ್ತದೆ.

‘ನಾವೇನು ತಪ್ಪು ಮಾಡಿದ್ದೇವೆ, ನಮಗೇಕೆ ಭಯ?’ ಎಂದು ಕೆಲವರು ಕೇಳುತ್ತಾರೆ. ಮನೆಯ ಬಾಗಿಲು ಮುಚ್ಚುವವರೆಲ್ಲ ಒಳಗೆ ಅಪರಾಧ ನಡೆಸುತ್ತಿದ್ದಾರೆಂದು ಯಾರೂ ಹೇಳುವುದಿಲ್ಲ. ಅನುಮತಿಯಿಲ್ಲದೆ ಪರರ ಮನೆಗೆ ಪ್ರವೇಶಿಸಬಾರದೆಂಬ ಶಿಕ್ಷಣ ಪಡೆದ ನಮಗಾದರೂ ಇದು ಅರ್ಥವಾಗಬೇಕು. ಅಲ್ಲದೆ, ಯಾವುದು ಸಂಶಯಾಸ್ಪದ ಎಂದು ತೀರ್ಮಾನಿಸುವವರು ನಾವಲ್ಲ, ಮಾಹಿತಿಯನ್ನು ಖರೀದಿಸಿದವರು.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಒಪ್ಪಿಗೆಯು ಮುಕ್ತವೂ ಸ್ಪಷ್ಟವೂ ಆಗಿರಬೇಕೆಂದು 2023ರ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲೂ ಓದುವ ಅವಕಾಶವಿರಬೇಕೆನ್ನುತ್ತದೆ. ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಇವೆಲ್ಲ ಸ್ವಾಗತಾರ್ಹ. ಆದರೆ ಅದೇ ಕಾಯ್ದೆಯು ಸರಕಾರ ಸೂಚಿಸುವ ತನ್ನ ಸಂಸ್ಥೆಗಳಿಗೆ ವಿನಾಯಿತಿ ನೀಡಲು ಅವಕಾಶವನ್ನೂ ಇಟ್ಟುಕೊಂಡಿದೆ. ವ್ಯಾಪಾರಿಯನ್ನು ತಡೆಯುವ ಕಾನೂನು ಆಳುವವರಿಗೆ ಬಾಗಿಲು ತೆರೆದಿಟ್ಟರೆ ಪ್ರಜೆಗೆ ಸಿಕ್ಕಿದ್ದು ಅರ್ಧ ರಕ್ಷಣೆ ಮಾತ್ರ.

ಇನ್ನು ನಮ್ಮ ಕಡೆಗೂ ನೋಡಿಕೊಳ್ಳೋಣ. ಝಕಾತ್ ಪಡೆಯುವವರ ಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ, ವಿವಾಹ ಸಂಬಂಧಕ್ಕಾಗಿ ಕೊಟ್ಟ ಭಾವಚಿತ್ರ ಇವು ನಮ್ಮ ಸಂಸ್ಥೆಗಳ ಕೈಯಲ್ಲಿರುವ ಅಮಾನತ್. ಅವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವುದಾದರೆ ಕಂಪೆನಿಗಳನ್ನು ದೂರುವ ನೈತಿಕ ಹಕ್ಕು ನಮಗೆಲ್ಲಿಂದ ಬರಬೇಕು?

ಮೊಬೈಲನ್ನು ಎಸೆಯಬೇಕೆಂದು ನಾವು ಹೇಳುತ್ತಿಲ್ಲ. ಊರಿನ ಹೆಸರನ್ನು ಟೈಪ್ ಮಾಡಿದರೆ ಸಾಕಾಗುವಲ್ಲಿ ಸ್ಥಳದ ಅನುಮತಿ ಕೊಡಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತಿನ ಗುರುತು ಸಂಖ್ಯೆಯನ್ನು ಅಳಿಸಬಹುದು, ಅಳಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶ್ನಿಸಿರಿ. ಮುಸ್ಲಿಮ್ ಪ್ರೊ ತನ್ನ ವ್ಯವಹಾರವನ್ನು ನಿಲ್ಲಿಸಿದ್ದು ಸುದ್ದಿ ಬಯಲಾಗಿ ಜನರು ಪ್ರತಿಭಟಿಸಿದ ಮೇಲೆ. ಎಕ್ಸ್-ಮೋಡ್‌ನ ಉತ್ತರಾಧಿಕಾರಿ ಕಂಪೆನಿಯು ಆರಾಧನಾಲಯಗಳಂತಹ ಸ್ಥಳಗಳ ಮಾಹಿತಿ ಮಾರುವುದನ್ನು ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ತಡೆಯಿತು. ಅಂದರೆ ಈ ವ್ಯಾಪಾರ ವಿಧಿಲಿಖಿತವೇನೂ ಅಲ್ಲ. ಕೇಳುವವರಿದ್ದರೆ ಅದು ನಿಲ್ಲುತ್ತದೆ. ಕೇಳುವವರು ನಾವಾಗೋಣ.